ತೊಟ್ಟಿಲು ಉಜ್ಜುವ ಯಂತ್ರ

ಬಡಗಿ ದಿನಗಟ್ಟಲೆ ಉಜ್ಜಿ ಮಾಡುವ ಕೆಲಸವನ್ನು ಒಂದು ಮಧ್ಯಾಹ್ನದಲ್ಲಿ ಮುಗಿಸಿ ತೋರಿಸುತ್ತೇನೆ ಎಂದು ನನಗೆ ನಾನೇ ಮಾತು ಕೊಟ್ಟುಕೊಂಡೆ. ಹೆಂಡತಿಯ ಮುಂದೆ ಬಾಯಿ ಬಿಡಲಿಲ್ಲ. ಮಾವಿನಕಾಯಿ ಹೆಚ್ಚಲೆಂದು ನಾನು ಹಿಂದೆ ಕಟ್ಟಿದ್ದ ಯಂತ್ರ ಏನನ್ನು ಹೆಚ್ಚಿತೆಂಬುದು ಅವಳಿಗೆ ನೆನಪಿತ್ತು. ನನ್ನ ಹೆಬ್ಬೆರಳಿಗೂ ನೆನಪಿತ್ತು.

ಅದು ಯುದ್ಧದ ಕಾಲ. ನಾನು ಮುಳಬಾಗಿಲಿನಲ್ಲಿ ಮೇಷ್ಟರು. ಮಗಳು ಆದಿಲಕ್ಷ್ಮಿ ಚೊಚ್ಚಲ ಹೆರಿಗೆಗೆ ಬಂದು ಗಂಡುಮಗುವನ್ನು ಹೆತ್ತಿದ್ದಳು. ನಾಮಕರಣದ ದಿನ ಮಗು ಮಲಗುವ ತೊಟ್ಟಿಲು ತಾಯಿಯ ತವರಿನದೇ ಆಗಿರಬೇಕೆಂಬುದು ನಮ್ಮ ಮನೆತನಗಳ ಪದ್ಧತಿ. ನಮ್ಮಲ್ಲಿ ತೊಟ್ಟಿಲೇನೋ ಇತ್ತು. ಹಲಸಿನ ಮರದ್ದು. ನನ್ನ ಹೆಂಡತಿ ವೆಂಕಟರತ್ನಮ್ಮ ಮಲಗಿ ಬೆಳೆದದ್ದು, ಅವಳ ತಾಯಿಯೂ ಮಲಗಿ ಬೆಳೆದದ್ದು. ಆದರೆ ಈಗ ಅದರ ಮೈತುಂಬ ಸಿಬಿರು. ಮಗುವನ್ನು ನೋಡಲು ಬಂದ ಮಾಲೂರಿನ ಬೀಗರು ಶ್ರೀರಾಮಪ್ಪನವರು ತೊಟ್ಟಿಲನ್ನು ಸವರಿ, ಬೆರಳಿಗೆ ಚುಚ್ಚಿದ ಸಿಬಿರನ್ನು ಕಿತ್ತು, ಅದನ್ನು ಪ್ರಸಾದದಂತೆ ನನ್ನ ಅಂಗೈಯಲ್ಲಿಟ್ಟರು.

"ಬೀಗರೇ, ನಾಮಕರಣಕ್ಕೆ ನಮ್ಮೂರಿಂದ್ಲೇ ಒಂದು ತೊಟ್ಟಿಲು ತರ್ತೀವಿ ಬಿಡಿ" ಎಂದರು.

ವೆಂಕಟರತ್ನಮ್ಮ ಅಂದು ಊಟ ಮಾಡಲಿಲ್ಲ. ಆ ಮಾಲೂರಿನ ತೊಟ್ಟಿಲು ನಮ್ಮ ಹೊಸಿಲು ದಾಟಿ ಒಳಗೆ ಬಂದರೆ ಅವಳ ಮಾನ ಅದೇ ಹೊಸಿಲು ದಾಟಿ ಹೊರಗೆ ಹೋಗುತ್ತಿತ್ತು. ಅವಳ ಮಾನವನ್ನು ಕಾಯಲು ನಾನು ಯಂತ್ರವಿದ್ಯೆಯನ್ನು ಕೈಗೆತ್ತಿಕೊಂಡೆ.

ಗಣಿಯ ಪಕ್ಕದ ರಾಬರ್ಟ್‌ಸನ್‌ಪೇಟೆಯ ಗುಜರಿ ಅಂಗಡಿಯಲ್ಲಿ ಹೊಲಿಗೆ ಮಿಷನ್ನಿನ ಕಬ್ಬಿಣದ ಸ್ಟ್ಯಾಂಡು ಸಿಕ್ಕಿತು. ಮೇಲಿನ ಮಿಷನ್ನು ಇರಲಿಲ್ಲ. ಕೆಳಗೆ ತುಳಿಯುವ ಕಾಲುಮಣೆ, ದೊಡ್ಡ ಚಕ್ರ ಎರಡೂ ಇದ್ದವು. ರೇಷ್ಮೆ ನೂಲು ತೆಗೆಯುವ ಹಳೆಯ ಚರಕವೊಂದರಿಂದ ಒಂದು ಉರುಳೆ ಬಂತು. ಎರಡನೆಯ ಉರುಳೆಯಾಗಿ ನಮ್ಮ ಮನೆಯ ಲಟ್ಟಣಿಗೆಯೇ ದೇಶಸೇವೆಗೆ ಹೊರಟಿತು. ಡೇರೆಯ ದಪ್ಪ ಬಟ್ಟೆಯನ್ನು ಪಟ್ಟಿಯಾಗಿ ಹರಿದು, ತುದಿಗೆ ತುದಿ ಹೊಲಿದು, ಎರಡು ಉರುಳೆಗಳ ಸುತ್ತ ಬಿಗಿದೆ. ಕಾಲು ತುಳಿದರೆ ಚಕ್ರ, ಚಕ್ರ ತಿರುಗಿದರೆ ಲಟ್ಟಣಿಗೆ, ಲಟ್ಟಣಿಗೆ ತಿರುಗಿದರೆ ಪಟ್ಟಿ. ಪಟ್ಟಿಗೆ ಮರವನ್ನು ಒತ್ತಿದರೆ ಮರ ಬೆಣ್ಣೆ.

ಆದರೆ ಪಟ್ಟಿ ಒರಟಾಗಿರಬೇಕಲ್ಲ? ಬಡಗಿಗಳು ಮರ ಉಜ್ಜುವ ಉಪ್ಪುಕಾಗದ ಯುದ್ಧದಿಂದಾಗಿ ಎಲ್ಲಿಯೂ ಇರಲಿಲ್ಲ. ಇರಲಿ, ನಾನೇ ಮಾಡುತ್ತೇನೆ! ಗುಡ್ಡದಿಂದ ಬಿಳಿಯ ಬೆಣಚುಕಲ್ಲನ್ನು ಚೀಲದಲ್ಲಿ ಹೊತ್ತು ತಂದೆ. ಕುಟ್ಟಿದೆ. ಜರಡಿ ಹಿಡಿದೆ. ನುಣ್ಣನೆಯ ಧೂಳು ಹೋಗಿ ಹರಳು ಉಳಿಯಲೆಂದು ನೀರಿನಲ್ಲಿ ಜಾಲಿಸಿದೆ. ಪಟ್ಟಿಯನ್ನು ಬಿಚ್ಚಿ, ಅಂಟು ಬಳಿದು, ಅದರ ಮೇಲೆ ಹರಳು ಉದುರಿಸಿ, ಒಣಗಿಸಿ ಮತ್ತೆ ಬಿಗಿದೆ. ಬಾಣಂತಿ, ಕೂಸು ಇರುವ ಮನೆ. ಧೂಳು ಒಳಗೆ ಹೋಗಬಾರದೆಂದು ಇದನ್ನೆಲ್ಲ ಹಿತ್ತಲ ಕೊಟ್ಟಿಗೆಯಲ್ಲಿ, ಬಾಗಿಲು ಹಾಕಿಕೊಂಡು ಮಾಡಿದೆ.

"ಏನ್ರೀ, ಲಟ್ಟಣಿಗೆ ಎಲ್ಲಿ?" ಎಂದಳು ವೆಂಕಟರತ್ನಮ್ಮ.

"ಅಲ್ಲೇ ಇರುತ್ತೆ ನೋಡು."

"ಜರಡಿ?"

"ಅದೂ ಅಲ್ಲೇ ಇರುತ್ತೆ."

"ನೀವು ಕೊಟ್ಟಿಗೇಲಿ ಬಾಗಿಲು ಹಾಕ್ಕೊಂಡು ಏನು ಮಾಡ್ತೀರಿ?"

"ನಾಮಕರಣದ ದಿನ ಗೊತ್ತಾಗುತ್ತೆ. ಆಮೇಲೆ ಆ ಮಾಲೂರಿನೋರು ಬಾಯಿ ಬಿಟ್ಕೊಂಡು ನೋಡ್ಬೇಕು."

ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆ ನೋಟದಲ್ಲಿ ಅನುಮಾನ, ಬೆಳಗಿನ ಮಂಜಿನಂತೆ, ಸದ್ದಿಲ್ಲದೆ ಇಳಿಯಿತು.

ಗೋಡೆಯಾಚೆಯ ಅಕ್ಕಯಮ್ಮನ ಅನುಮಾನಕ್ಕೆ ಸದ್ದಿತ್ತು.

"ಏಮಮ್ಮಾ ರತ್ನಮ್ಮ, ಮೇಷ್ಟ್ರು ಗಣಿ ಕಡೆ ಹೋಗಿದ್ರಂತೆ. ಬೆಣಚುಕಲ್ಲು ಕುಟ್ತಾವ್ರೆ. ಜರಡಿ ಹಿಡೀತಾವ್ರೆ. ನೀರಲ್ಲಿ ಜಾಲಿಸ್ತಾವ್ರೆ. ನಾನೇನೂ ಅನ್ನಲ್ಲ ಕಣಮ್ಮ. ಕೊಟ್ಟಿಗೆ ಕಿಂಡೀಲಿ ಕಣ್ಣಿಗೆ ಕಂಡದ್ದು ಹೇಳಿದೆ, ಅಷ್ಟೆ."

ನಮ್ಮ ಸೀಮೆಯಲ್ಲಿ ಚಿನ್ನ ಹುಟ್ಟುವುದೇ ಬೆಣಚುಕಲ್ಲಿನ ಹೊಟ್ಟೆಯಲ್ಲಿ. ಗಣಿಯಿಂದ ಕದ್ದ ಕಲ್ಲನ್ನು ಮನೆಯಲ್ಲಿ ಕುಟ್ಟಿ, ಜಾಲಿಸಿ ಚಿನ್ನ ತೆಗೆಯುವವರ ಕಥೆ ಇಲ್ಲಿ ಮಕ್ಕಳಿಗೂ ಗೊತ್ತು. ಅದು ಹೊಳೆಯದಿದ್ದವನು ನಾನೊಬ್ಬನೇ. ಚಿನ್ನದ ಗಣಿಯ ಪಾಠವನ್ನು ಶಾಲೆಯಲ್ಲಿ ಹೇಳಿಕೊಡುತ್ತಿದ್ದವನೂ ನಾನೇ.

ಅಂದಿನಿಂದ ನನ್ನ ಅನ್ನಕ್ಕೆ ತುಪ್ಪ ಹೆಚ್ಚು ಬೀಳತೊಡಗಿತು. ನಾನು ಅದನ್ನು ಪ್ರೀತಿ ಎಂದುಕೊಂಡೆ.

ನಾಮಕರಣದ ಹಿಂದಿನ ದಿನ ಯಂತ್ರ ಓಡಿತು. ತೊಟ್ಟಿಲಿನ ಒಂದು ಪಕ್ಕದ ಹಲಗೆಯನ್ನು ಬಿಚ್ಚಿ ಪಟ್ಟಿಗೆ ಒತ್ತಿದೆ. ಹಳದಿ ಹೊಟ್ಟು ಹೊನ್ನಿನ ಮಳೆಯಂತೆ ಸುರಿಯಿತು. ಒರೆಸಿ ಮುಟ್ಟಿದೆ. ಮಗುವಿನ ಕೆನ್ನೆಯನ್ನು ಮುಟ್ಟಿದಂತಾಯಿತು. ಮರದೊಳಗೆ ಮುಚ್ಚಿಹೋಗಿದ್ದ ಗೆರೆಗಳು ಕಣ್ಣು ಬಿಟ್ಟಿದ್ದವು. ಯಾರಿಗೂ ಕಾಣದಂತೆ ಒಂದು ಹನಿ ಕಣ್ಣೀರನ್ನೂ ಹಾಕಿದೆ. ಮೈಮೇಲೆಲ್ಲ ಹಳದಿ ಹೊಟ್ಟಿನೊಡನೆ ಹೊರಗೆ ಬಂದಾಗ ಗೋಡೆಯ ಮೇಲಿದ್ದ ಅಕ್ಕಯಮ್ಮನ ತಲೆ ಚಕ್ಕನೆ ಮಾಯವಾಯಿತು.

ಸಂಜೆಗೆ ಬೀಗರು ಬಂದರು. ಕೈಯಲ್ಲಿ ತೊಟ್ಟಿಲಿರಲಿಲ್ಲ.

"ತರಲಿಲ್ವೇ?" ಎಂದೆ.

"ಛೆ ಛೆ, ನಿಮ್ಮ ಮನೇಲಿ ಏನು ಕಡಿಮೆ ಆಗಿದೆ ಬೀಗರೇ?" ಶ್ರೀರಾಮಪ್ಪನವರು ನನ್ನನ್ನು ಪಕ್ಕಕ್ಕೆ ಎಳೆದುಕೊಂಡರು. "ಅಲ್ಲಾ, ಇಷ್ಟೆಲ್ಲ ನಡೆಸ್ತಿದ್ದೀರಿ, ನಮಗೊಂದು ಮಾತು ಹೇಳಬಾರ್ದಾ? ಹೊರಗಿನೋರಾ ನಾವು?"

ಯಂತ್ರದ ಸುದ್ದಿ ಮಾಲೂರಿಗೂ ಮುಟ್ಟಿದೆ ಎಂದು ನಾನು ಉಬ್ಬಿದೆ. "ಇನ್ನೂ ಸ್ವಲ್ಪ ಬಾಕಿ ಇದೆ. ಆದ ಮೇಲೆ ನಿಮ್ಮನ್ನೇ ಮೊದಲು ಕರೀತೀನಿ."

ಅವರು ನನ್ನ ಕೈಯನ್ನು ಬಹಳ ಹೊತ್ತು ಬಿಡಲಿಲ್ಲ.

ಬೆಳಿಗ್ಗೆ ನಾನು ಎರಡನೆಯ ಹಲಗೆಯನ್ನು ಬಿಚ್ಚುತ್ತಿದ್ದಾಗ ಪೊಲೀಸ್ ದಫೇದಾರ ಮುನಿಕೃಷ್ಣಪ್ಪ ಕೊಟ್ಟಿಗೆಯ ಬಾಗಿಲಿಗೆ ಬಂದು ನಿಂತರು. ಹಿಂದೆ ಬೀಗರು, ಅಕ್ಕಯಮ್ಮ, ವೆಂಕಟರತ್ನಮ್ಮ.

"ಮೇಷ್ಟ್ರೇ, ಇದೇನಿದು?"

"ಉಜ್ಜೋ ಯಂತ್ರ."

"ಏನು ಉಜ್ಜೋದು?"

"ತೊಟ್ಟಿಲು."

ದಫೇದಾರರು ಕುಟ್ಟಿದ ಬೆಣಚುಕಲ್ಲನ್ನು ನೋಡಿದರು, ನೀರಿನ ತೊಟ್ಟಿಯನ್ನು ನೋಡಿದರು, ಹಳದಿ ಹೊಟ್ಟನ್ನು ನೋಡಿದರು. "ತೊಟ್ಟಿಲು ಉಜ್ಜೋಕೆ ಗಣಿ ಕಲ್ಲು ಯಾಕೆ ಸ್ವಾಮೀ? ಇದೇ ಕಥೆ ಠಾಣೇಲಿ ಹೇಳಿದ್ರೆ ಇನ್ಸ್‌ಪೆಕ್ಟರ್ ಸಾಹೇಬ್ರು ನಂಬ್ತಾರಾ?"

"ಬೇಕಾದ್ರೆ ಓಡಿಸಿ ತೋರಿಸ್ತೀನಿ."

ಕೂತು ತುಳಿದೆ. ಪೊಲೀಸರ ಕಣ್ಣೆದುರು ಕಾಲು ತಾನಾಗಿ ಜೋರಾಗುತ್ತದೆ. ಪಟ್ಟಿ ಬುಸುಗುಟ್ಟಿತು. ಗಾಬರಿಯಲ್ಲಿ ಹಲಗೆಯನ್ನು ಒಂದೇ ಕಡೆ ಒತ್ತಿ ಹಿಡಿದುಬಿಟ್ಟೆ. ಸಿಬಿರು ಹೋಯಿತು. ಅದರ ಹಿಂದೆ ಮರವೂ ಹೋಯಿತು. ಹಲಗೆಯ ನಟ್ಟನಡುವೆ ತಟ್ಟೆಯಗಲದ ತೂತು ಬಿದ್ದು, ಅದರಾಚೆ ದಫೇದಾರರ ಮೀಸೆ ಕಾಣಿಸಿತು. ಅಷ್ಟರಲ್ಲಿ ಲಟ್ಟಣಿಗೆ ಫಟ್ಟನೆ ಮುರಿಯಿತು. ಪಟ್ಟಿ ಹಾರಿ, ಸರ್ಕಾರದ ರುಮಾಲನ್ನು ಎತ್ತಿಕೊಂಡು ತೊಲೆಯ ಮೇಲೆ ಕೂತಿತು.

ದಫೇದಾರರು ಬೋಳು ತಲೆಯನ್ನು ಸವರಿಕೊಂಡು ಶಾಂತವಾಗಿ ಹೇಳಿದರು: "ಒಂದು ತಟ್ಟೆ, ಒಂದು ಚೊಂಬು ನೀರು ತನ್ನಿ."

ಹೊಟ್ಟನ್ನು ತಟ್ಟೆಗೆ ಸುರಿದು ನೀರು ಹಾಕಿದರು. ಚಿನ್ನವಾಗಿದ್ದರೆ ಮುಳುಗಬೇಕು. ಎಲ್ಲರ ತಲೆಯೂ ತಟ್ಟೆಯ ಮೇಲೆ ಒಟ್ಟಿಗೆ ಬಾಗಿತು. ಹೊಟ್ಟು ತೇಲಿತು. ಒಂದೊಂದು ಚೂರೂ ನೆಮ್ಮದಿಯಾಗಿ ತೇಲಿತು.

"ಇದನ್ನೂ ನೋಡಿ" ಎಂದು ವೆಂಕಟರತ್ನಮ್ಮ ಸೆರಗಿನ ಗಂಟನ್ನು ಬಿಚ್ಚಿದಳು. ನನ್ನ ಪಂಚೆಯಿಂದ ಉದುರಿದ್ದ ಹಳದಿ ಪುಡಿಯನ್ನು ಗುಡಿಸಿ ಕಟ್ಟಿಟ್ಟುಕೊಂಡಿದ್ದಳು. ಅದೂ ತೇಲಿತು.

"ಬರೀ ಹಲಸಿನ ಹೊಟ್ಟು" ಎಂದರು ದಫೇದಾರರು, ನಾನೇ ಅವರಿಗೆ ಮೋಸ ಮಾಡಿದವನಂತೆ. ಅಕ್ಕಯಮ್ಮ ಮಾತಿಲ್ಲದೆ ಮನೆಗೆ ಹೋದಳು. ಅವಳು ಮಾತಿಲ್ಲದೆ ಹೋದದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಶ್ರೀರಾಮಪ್ಪನವರ ಮುಖ ಮಾತ್ರ ನೋಡುವಂತಿರಲಿಲ್ಲ. "ಈಗ ಮಾಲೂರಿಗೆ ಹೋಗಿ ತೊಟ್ಟಿಲು ತರೋದಕ್ಕೂ ಹೊತ್ತಿಲ್ಲ" ಎಂದು ಗೊಣಗಿದರು.

ಹೀಗಾಗಿ ಮುಹೂರ್ತಕ್ಕೆ ನಮ್ಮ ತೊಟ್ಟಿಲೇ ತೂಗಿತು. ಒಂದು ಪಕ್ಕ ನುಣುಪು, ಇನ್ನೊಂದು ಪಕ್ಕ ತೂತು. ಒಳಗೆ ದಪ್ಪ ಕೌದಿ ಹಾಸಿ, ಅಂಚನ್ನೆಲ್ಲ ಹಳೆಯ ಸೀರೆಯಿಂದ ಸುತ್ತಿ ಮಗುವನ್ನು ಮಲಗಿಸಿದರು. ಮುತ್ತೈದೆಯರು ಹಾಡಿದರು. ಕೂಸು ತೂತಿನಿಂದ ಪುಟ್ಟ ಪಾದವೊಂದನ್ನು ಹೊರಗೆ ಚಾಚಿತು. ಬೀಗರು ಎಲ್ಲ ಮರೆತು ಆ ಪಾದವನ್ನು ಹಿಡಿದುಕೊಂಡು ಕೂತೇಬಿಟ್ಟರು.

ಊಟವಾದ ಮೇಲೆ ವೆಂಕಟರತ್ನಮ್ಮನ ಬಳಿ ಹೋದೆ. "ನೋಡಿದೆಯಾ? ನಿನ್ನ ತವರಿನ ತೊಟ್ಟಿಲೇ ನಿಂತಿತು. ನಿನ್ನ ಯಜಮಾನ ಕಳ್ಳ ಅಲ್ಲ ಅಂತಲೂ ಪೊಲೀಸರೇ ಹೇಳಿದ್ರು."

ಅವಳು ನನ್ನ ಎಲೆಯನ್ನು ಮಡಿಚಿ ಎತ್ತಿದಳು.

"ಅದೇ ನನಗೂ ಬೇಜಾರು" ಎಂದಳು. "ಕಳ್ಳ ಅಂದ್ಕೊಂಡಿದ್ದಾಗ, ನಮ್ಮ ಮನೆಯೋರಿಗೂ ಒಂಚೂರು ಬುದ್ಧಿ ಇದೆ ಅಂತ ಸಮಾಧಾನ ಇತ್ತು."