ಹತ್ತಿಕುಣಿ ಕೆರೆಯಲ್ಲಿ ನಾನು ಹಾಸಿದ ಟವೆಲ್ಲು

ಮೂವತ್ತೊಂದು ವರ್ಷ ಬಸ್ ಕಂಡಕ್ಟರ್ ಆಗಿದ್ದವನು ನಾನು. ಯಾದಗಿರಿಯಿಂದ ಶಹಾಪುರ, ಶಹಾಪುರದಿಂದ ಸುರಪುರ. ಐವತ್ತು ಜನ ಕೂರುವ ಬಸ್ಸಿನಲ್ಲಿ ತೊಂಬತ್ತು ಜನ, ಆರು ಕೋಳಿ ಮತ್ತು ಒಂದು ಹೊಲಿಗೆ ಯಂತ್ರವನ್ನು ಒಂದೇ ಒಂದು ಹೊಡೆದಾಟವಿಲ್ಲದೆ ಸಾಗಿಸಿದ್ದೇನೆ. ಅಂಥವನಿಗೆ ಕೆರೆಯ ದಂಡೆಯ ಮೇಲೆ ಕೂರಲು ಒಂದು ಜಾಗ ಹಿಡಿಯುವುದು ಯಾವ ಮಹಾ ವಿದ್ಯೆ? ಹಾಗಂತ ನಾನು ತಿಳಿದಿದ್ದೆ. ಈಗ ಯಾರಾದರೂ ಕೆರೆ ಎಂದರೆ ಮೈ ಉರಿಯುತ್ತದೆ.

ಈ ವ್ಯವಹಾರಕ್ಕೆ ನನ್ನನ್ನು ಇಳಿಸಿದ್ದು ಮಗಳು ರೇಣುಕಾ. ನಾಲ್ಕು ತಿಂಗಳ ಬಸುರಿ, ವಿಶ್ರಾಂತಿಗೆಂದು ತವರಿಗೆ ಬಂದಿದ್ದಳು. ಬಂದು ಹದಿನೈದು ದಿನವಾದರೂ ತಿಂದದ್ದು ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ರೊಟ್ಟಿ ಬೇಡ, ಅನ್ನ ಬೇಡ, ಹಾಲಿನ ವಾಸನೆ ಬಂದರೆ ಹಿತ್ತಲಿಗೆ ಓಡುತ್ತಿದ್ದಳು. ಮುಖ ಇಷ್ಟೇ ಇಷ್ಟಾಗಿತ್ತು. ಒಂದು ಶನಿವಾರ ತಾನಾಗಿಯೇ ಬಾಯಿ ಬಿಟ್ಟಳು.

"ಅಪ್ಪಾ, ಹತ್ತಿಕುಣಿ ಕೆರಿ ಜಿಲೇಬಿ ಮೀನಿನ ಸಾರು ಉಣ್ಣಬೇಕ ಅನಸ್ತದ. ಅದೊಂದು ಹೊಟ್ಟ್ಯಾಗ ನಿಲ್ತದೇನೋ."

ಹೆಸರಷ್ಟೇ ಜಿಲೇಬಿ. ಅಂಗೈಯಗಲದ ಮುಳ್ಳುಮುಳ್ಳಾದ ಮೀನು. ಆದರೆ ಸಾರು ಮಾತ್ರ ಸ್ವರ್ಗ.

"ಮಾರ್ಕೆಟ್‌ನ್ಯಾಗ ಸಿಗ್ತಾವು, ಹೋಗಿ ತರ್ರಿ," ಎಂದಳು ನನ್ನ ಹೆಂಡತಿ ಭೀಮಬಾಯಿ.

"ಐಸಿನ್ಯಾಗ ನಾಕ್ ದಿನ ಮಲಗಿದ ಮೀನ ನನ್ನ ಮಗಳಿಗಿ ತಿನಸ್ಲೇನು? ನಾನ ಹಿಡಕೊಂಡು ಬರ್ತೀನಿ!"

"ಮನ್ಯಾಗಿನ ಇಲಿ ಹಿಡ್ಯಾಕ ಆಗಿಲ್ಲ ನಿಮಗ. ಮೀನ ಹಿಡೀತಾರಂತ!"

ಈ ಅಪಮಾನವನ್ನು ನುಂಗಿಕೊಂಡು ಪಕ್ಕದ ಮನೆಯ ಖಾಜಾಸಾಬನ ಹತ್ತಿರ ಹೋದೆ. ಸೈಕಲ್ ರಿಪೇರಿ ಅವನ ಕಸುಬು, ಗಾಳ ಹಾಕುವುದು ಅವನ ಚಟ. ಬಿದಿರಿನ ಕೋಲು, ದಾರ, ತೇಲುವ ಬೆಂಡು, ಕೊಕ್ಕೆ ಎಲ್ಲವನ್ನೂ ಕೊಟ್ಟ. ಜೋಳದ ಹಿಟ್ಟನ್ನು ಹೇಗೆ ಗುಂಡು ಮಾಡಿ ಸಿಕ್ಕಿಸಬೇಕೆಂದು ತೋರಿಸಿದ. ಅಲ್ಲಿಗೇ ನಿಲ್ಲಿಸಿದ್ದರೆ ಸಾಕಿತ್ತು.

"ಕಂಡಕ್ಟರ್ ಸಾಬ್, ಗಾಳ ಹಾಕೋದು ಯಾರಿಗರ ಬರ್ತದ. ದಂಡಿಗಿ ಕುಂತ ಮಂದೀನ ಒಂದ್ ಮಾತು ಕೇಳಿ ಕೂಡ್ರಿ. ಕುಂತ ಮ್ಯಾಲ ಬಾಯಿ ಮುಚ್ಚಿ ಕೂಡ್ರಿ. ಅಷ್ಟ ನೋಡ್ರಿ ಇದರಾಗಿನ ವಿದ್ಯೆ."

ನನಗೆ! ಮಂದಿಯ ಜೊತೆ ಹೇಗೆ ಮಾತಾಡಬೇಕೆಂದು ನನಗೆ ಹೇಳಿಕೊಡುತ್ತಾನೆ! ನಾನು ಗಾಳ ತಗೊಂಡು ಬಂದುಬಿಟ್ಟೆ.

ರವಿವಾರ ಬೆಳಿಗ್ಗೆ ಹತ್ತಿಕುಣಿ ಕೆರೆಗೆ ಹೋಗಿ ನೋಡುತ್ತೇನೆ, ಸಂತೆ ನೆರೆದಿದೆ. ಬುತ್ತಿ ಕಟ್ಟಿಕೊಂಡು ಬಂದ ಸಂಸಾರಗಳು, ಫೋಟೋ ತೆಗೆದುಕೊಳ್ಳುವ ಹುಡುಗರು, ದಂಡೆಯುದ್ದಕ್ಕೂ ಗಾಳ ಹಿಡಿದು ಕೂತ ಗಂಡಸರು. ಕಾಲಿಡಲು ಜಾಗವಿಲ್ಲ. ಆದರೆ ಜಾಲಿ ಗಿಡದ ನೆರಳಲ್ಲಿ ನೀರಿಗೆ ಚಾಚಿಕೊಂಡಿದ್ದ ಒಂದು ಚಪ್ಪಟೆ ಕಲ್ಲು ಮಾತ್ರ ಖಾಲಿ! ಇಷ್ಟು ಜನರ ನಡುವೆ ಇಷ್ಟು ಒಳ್ಳೆಯ ಕಲ್ಲು ಖಾಲಿ ಯಾಕಿದೆ ಎಂದು ಬುದ್ಧಿಯಿದ್ದವನು ಯೋಚಿಸುತ್ತಿದ್ದ. ನಾನು ಯೋಚಿಸಲಿಲ್ಲ. ಹೆಗಲ ಮೇಲಿನ ಟವೆಲ್ಲನ್ನು ದೂರದಿಂದಲೇ ಬೀಸಿ ಒಗೆದೆ. ನೆಟ್ಟಗೆ ಹೋಗಿ ಕಲ್ಲಿನ ಮೇಲೆ ಬಿತ್ತು. ಸೀಟು ಹಿಡಿದಾಯಿತು!

ಕಿಟಕಿಯಿಂದ ಟವೆಲ್ ಒಗೆದು ಸೀಟು ಹಿಡಿಯುವ ಜನರನ್ನು ಇಡೀ ನೌಕರಿಯಲ್ಲಿ ಬೈದವನು ನಾನು. ಎಷ್ಟು ಟವೆಲ್ಲುಗಳನ್ನು ಎತ್ತಿ ಹೊರಗೆ ಒಗೆದಿದ್ದೇನೋ ಲೆಕ್ಕವಿಲ್ಲ. ಆದರೆ ಆಗ ಅವರು ಒಗೆದದ್ದು ತಮ್ಮ ಸುಖಕ್ಕೆ, ನಾನು ಒಗೆದದ್ದು ಮಗಳ ಸಲುವಾಗಿ. ಎರಡೂ ಒಂದೇ ಏನು?

ಗಾಳ ಹಾಕಿ ಎರಡು ನಿಮಿಷ ಆಗಿರಲಿಲ್ಲ, ಬೆಂಡು ಮುಳುಗಿತು! ಎಳೆದೆ. ಜಿಲೇಬಿ! ಮತ್ತೆ ಹಾಕಿದೆ. ಮತ್ತೆ ಜಿಲೇಬಿ! ನನ್ನ ಎಡಬಲದಲ್ಲಿ ಅನುಭವಿಗಳು ಗಾಳ ಹಿಡಿದು ಆಕಳಿಸುತ್ತಿದ್ದರು. ಎರಡೂ ಮೀನುಗಳನ್ನು ನೀರು ತುಂಬಿದ ಸ್ಟೀಲ್ ಡಬ್ಬಿಯಲ್ಲಿ ಬಿಟ್ಟು, ಇನ್ನು ನಾಲ್ಕಾದರೆ ಸಾರಿಗೆ ಸಾಕು ಎಂದುಕೊಂಡೆ. ಆಗ ಹಿಂದಿನಿಂದ ಒಬ್ಬ ಬಂದು ನಿಂತ. ಕಡೇಚೂರಿನ ಕಡೆ ಫ್ಯಾಕ್ಟರಿಯಲ್ಲಿ ದುಡಿಯುವವನು, ಹೆಸರು ತಿಪ್ಪಣ್ಣ. ಇವೆಲ್ಲ ಆಮೇಲೆ ಗೊತ್ತಾದದ್ದು.

"ಯಜಮಾನ್ರ, ಸಾಬಮ್ಮನ ಕೇಳಿ ಕುಂತೀರೇನ್ರಿ?" ಎಂದ, ಮೆಲ್ಲಗೆ.

"ಯಾವ ಸಾಬಮ್ಮ? ಎಲ್ಲಿದ್ದಾಳ?"

"ಇನ್ನ ಬಂದಿಲ್ರಿ. ಬರ್ತಾಳ."

ಬರ್ತಾಳ! ಈ ಮಾತು ನನಗೆ ಹೊಸದೇ? "ಇಲ್ಲಿ ನಮ್ಮವರು ಬರ್ತಾರ್ರಿ" ಎಂದು ಖಾಲಿ ಸೀಟಿನ ಮೇಲೆ ಕೈ ಚಾಚಿ ಕೂರುವವರನ್ನು ದಿನಕ್ಕೆ ಇಪ್ಪತ್ತು ಸಲ ಎಬ್ಬಿಸಿದವನು ನಾನು. ಕಣ್ಣಿಗೆ ಕಾಣದ ಪ್ರಯಾಣಿಕರಿಗೆ ಸೀಟಿಲ್ಲ, ಇದು ನನ್ನ ಕಾನೂನು.

"ಕೆರಿ ಸರ್ಕಾರದ್ದದ. ಮೊದಲ ಬಂದಾವ್ರು ಮೊದಲ ಕೂಡ್ತಾರ. ಹೋಗ್ ಹೋಗು!" ಎಂದೆ.

ಅವನು ಹತ್ತು ಹೆಜ್ಜೆ ಆಚೆ ಹೋಗಿ ಕೂತ. ಸ್ವಲ್ಪ ಹೊತ್ತಿಗೆ ಇನ್ನೊಬ್ಬ ಬಂದ. "ಸಾಬಮ್ಮ ಬಂದಿಲ್ಲೇನ್ರಿ?" ಅವನ ಹಿಂದೆ ಮತ್ತೊಬ್ಬ. "ಸಾಬಮ್ಮಗ ಹೇಳೀರೇನ್ರಿ?" ನನಗೆ ಪಿತ್ತ ನೆತ್ತಿಗೇರಿತು. ಇವರೆಲ್ಲ ಸೇರಿ ಯಾವಳೋ ಒಬ್ಬಳ ಹೆಸರಲ್ಲಿ ನನ್ನನ್ನು ಎಬ್ಬಿಸಲು ಸಂಚು ಮಾಡಿದ್ದಾರೆ! ಸಜ್ಜನಿಕೆ ಎಂಬುದು ಈ ಜಿಲ್ಲೆಯಲ್ಲಿ ಉಳಿದಿದೆಯೇ?

ಅಷ್ಟರಲ್ಲಿ ಬೆಳಿಗ್ಗೆ ಕುಡಿದ ಮೂರು ಕಪ್ ಚಹಾ ತಮ್ಮ ಹಕ್ಕು ಮಂಡಿಸಿದವು. ಅರವತ್ತು ದಾಟಿದವನು ಎಷ್ಟು ಹೊತ್ತು ತಡೆದಾನು? ಟವೆಲ್ಲಿನ ನಾಲ್ಕೂ ಮೂಲೆಗೆ ಕಲ್ಲು ಹೇರಿ, ನಡುವೆ ಮೀನಿನ ಡಬ್ಬಿ ಇಟ್ಟು, ಎಲ್ಲರನ್ನೂ ಒಮ್ಮೆ ಕಣ್ಣಲ್ಲೇ ಎಚ್ಚರಿಸಿ ಪೊದೆಯ ಕಡೆ ಹೋದೆ.

ಮರಳಿ ಬಂದರೆ ಕಲ್ಲಿನ ಮೇಲೆ ಒಬ್ಬಳು ಮುದುಕಿ ಕೂತಿದ್ದಾಳೆ! ಕಾಲು ನೀರಿಗೆ ಬಿಟ್ಟುಕೊಂಡು, ಮಡಿಲಿನಿಂದ ಶೇಂಗಾ ಹಿಂಡಿ ಮತ್ತು ಜೋಳದ ನುಚ್ಚಿನ ಉಂಡೆ ತೆಗೆದು ಒಂದೊಂದಾಗಿ ನೀರಿಗೆ ಹಾಕುತ್ತಿದ್ದಾಳೆ. ನನ್ನ ಟವೆಲ್ಲು ನೀಟಾಗಿ ಮಡಚಿ ಪಕ್ಕಕ್ಕೆ ಇಡಲಾಗಿದೆ. ಅದರ ಮೇಲೆ ನನ್ನ ಡಬ್ಬಿ.

"ಏನಮ್ಮಾ, ಟವಲ್ ಹಾಕಿದ್ದು ಕಾಣಸಲಿಲ್ಲೇನು?"

"ಕಂಡ್ತಪ್ಪ. ಅದಕ್ಕ ಮಡಚಿ ಇಟ್ಟೀನಿ. ತಗೋ."

ತಗೋ! ಎಂಥ ಸೊಕ್ಕು! "ಇದು ನನ್ನ ಸೀಟು! ಏಳು!" ಎಂದು ಗುಡುಗಿದೆ. ಯಾದಗಿರಿ ಬಸ್ ನಿಲ್ದಾಣದ ಈ ತುದಿಯಿಂದ ಆ ತುದಿಗೆ ಕೇಳುತ್ತಿದ್ದ ಗಂಟಲು ಅದು. ನೀರಿನ ಮೇಲಿನ ಬೆಂಡುಗಳೆಲ್ಲ ಒಮ್ಮೆಲೇ ಸುಮ್ಮನಾದವು.

"ಏ ಯಜಮಾನ, ಜರಾ ಮೆಲ್ಲಕ! ಮೀನ ಓಡ್ತಾವ!" ಎಂದು ಎಡಗಡೆಯಿಂದ ಒಬ್ಬ. "ಬಾಯಿ ಮುಚ್ಚರಿ!" ಎಂದು ಬಲಗಡೆಯಿಂದ ಮತ್ತೊಬ್ಬ. ಅನ್ಯಾಯ ಮಾಡಿದವಳು ಅವಳು, ಬಾಯಿ ಮುಚ್ಚಬೇಕಾದವನು ನಾನು! ನ್ಯಾಯಕ್ಕಾಗಿ ಜನರನ್ನು ಒಟ್ಟುಗೂಡಿಸಲೇಬೇಕಾಯಿತು. ಅಂಗಿಯ ಜೇಬಿಗೆ ಕೈ ಹೋಯಿತು. ನಿವೃತ್ತಿಯಾದರೂ ಡ್ಯೂಟಿಯ ಸೀಟಿಯನ್ನು ನಾನು ಬಿಟ್ಟಿಲ್ಲ. ಬಾಯಿಗಿಟ್ಟು ಉಸಿರು ತುಂಬಿ ಊದಿದೆ. ಪುರ್ರ್ರ್!

ಆ ಕೆರೆಯ ಕಾವಲುಗಾರ ಸೀಟಿ ಊದಿದರೆ 'ಅಪಾಯ, ನೀರಿಂದ ಮೇಲೆ ಬನ್ನಿ' ಎಂದರ್ಥವಂತೆ. ನನಗೆ ಯಾರು ಹೇಳಿದ್ದರು?

ಮೊದಲು ಒಬ್ಬಳು ತಾಯಿ ಕಿರುಚಿದಳು. "ಯಾರೋ ಮುಳುಗ್ಯಾರ!" ಎಂದ ಒಬ್ಬ. ಆ ಸುದ್ದಿ ಹತ್ತು ಹೆಜ್ಜೆ ಹೋಗುವಷ್ಟರಲ್ಲಿ "ಮೊಸಳಿ ಬಂದದ!" ಎಂದಾಯಿತು. ದಂಡೆಯ ಆ ತುದಿ ಮುಟ್ಟುವ ಹೊತ್ತಿಗೆ "ಮೊಸಳಿ ಸಾಬಮ್ಮನ್ನ ಎಳಕೊಂಡು ಹೋತು!" ಎಂದಾಗಿತ್ತು. ಬುತ್ತಿ ಗಂಟು, ಚಪ್ಪಲಿ, ಗಾಳ ಎಲ್ಲ ಬಿಟ್ಟು ಜನ ಏರಿಯ ಮೇಲಕ್ಕೆ ಓಡಿದರು. ಸಾಬಮ್ಮನನ್ನು ಉಳಿಸಲು ಹತ್ತು ಜನ ನಮ್ಮ ಕಡೆಗೇ ಓಡಿ ಬಂದರು. ಅವರಲ್ಲಿ ಯಾರದೋ ಕಾಲು ನನ್ನ ಡಬ್ಬಿಗೆ ತಾಗಿತು. ನನ್ನ ಎರಡೂ ಜಿಲೇಬಿಗಳು ಕಣ್ಣೆದುರೇ ನೀರು ಸೇರಿದವು.

ಸಾಬಮ್ಮ ಕೂತಲ್ಲಿಂದ ಅಲುಗಲಿಲ್ಲ. "ನಾ ಇಲ್ಲೇ ಅದೀನ್ರೋ. ಯಾ ಮೊಸಳೀನೂ ಇಲ್ಲ. ಇಂವ ಊದ್ಯಾನ," ಎಂದು ನನ್ನನ್ನು ತೋರಿಸಿದಳು.

ಎಲ್ಲರೂ ನನ್ನನ್ನು ನೋಡಿದರು. ಸೀಟಿ ಇನ್ನೂ ನನ್ನ ಬಾಯಲ್ಲೇ ಇತ್ತು.

ತಿಪ್ಪಣ್ಣ ಮುಂದೆ ಬಂದ. "ಯಜಮಾನ್ರ, ಈ ಮುದುಕಿ ದಿನಾ ಮುಂಜಾನಿ ನಡಕೊಂತ ಬಂದು ಇಲ್ಲಿ ಹಿಂಡಿ ಹಾಕ್ತಾಳ. ಅದಕ್ಕ ಮೀನ ಇಲ್ಲಿ ಕೂಡ್ತಾವ. ಯಾರು ಮೇವ ಹಾಕ್ತಾರೋ ಜಾಗ ಅವರದ, ಅವರನ್ನ ಕೇಳೇ ಗಾಳ ಹಾಕಬೇಕು, ಇದು ಈ ದಂಡಿ ರಿವಾಜು. ಅಕಿ ಬರೂದು ತಡಾ ಆದ್ರೂ ಇಲ್ಲಿ ಯಾರೂ ಕೂಡಂಗಿಲ್ರಿ. ಟವಲ್ ಹಾಕಿ ಹಿಡಿಯೋ ಜಾಗ ಅಲ್ರಿ ಇದು."

ಅಂದರೆ ನಾನು ಹಿಡಿದ ಎರಡು ಮೀನೂ ಅವಳು ಉಣಿಸಿ ಬೆಳೆಸಿದವು. ನಾಚಿಕೆಯಾಯಿತು. ಆದರೆ ಸಿಟ್ಟು ಅಷ್ಟು ಸುಲಭವಾಗಿ ಇಳಿಯುತ್ತದೆಯೇ? "ಮತ್ತ ಒಂದು ಬೋರ್ಡಾದ್ರೂ ಹಾಕಬೇಕಿಲ್ಲೇನು!" ಎಂದೆ. ಓಡಿದವರು ಮರಳಿ ಬಂದು ತಮ್ಮ ಚಪ್ಪಲಿ ಹುಡುಕಿಕೊಳ್ಳತೊಡಗಿದರು.

ಖಾಲಿ ಡಬ್ಬಿ ಎತ್ತಿಕೊಂಡು ನಿಂತೆ. ಮಗಳ ಮುಖ ನೆನಪಾಯಿತು. ಮನೆಯಲ್ಲಿ ಮಸಾಲೆ ಅರೆದು ಇಟ್ಟಿರುತ್ತಾರೆ. ಏನು ಹೇಳಲಿ? ಡಬ್ಬಿಯನ್ನು ತಲೆಕೆಳಗು ಮಾಡಿ ಮತ್ತೊಮ್ಮೆ ನೋಡಿದೆ.

"ಯಾಕೋ ತಮ್ಮಾ, ಮೀನ ಯಾರಿಗಿ ಬೇಕಾಗಿತ್ತು?" ಎಂದಳು ಸಾಬಮ್ಮ.

ಹೇಳಿದೆ. ಬಸುರಿ, ಹದಿನೈದು ದಿನದಿಂದ ಏನೂ ನಿಲ್ಲುತ್ತಿಲ್ಲ, ಇದೊಂದು ಬೇಕೆಂದಳು. ಹೇಳಲು ಅರ್ಧ ನಿಮಿಷವೂ ಹಿಡಿಯಲಿಲ್ಲ.

"ಅಯ್ಯ ನಿನ್ನ! ಇಷ್ಟ ಮಾತು ಮೊದಲ ಹೇಳಾಕ ಏನಾಗಿತ್ತು ಬಾಯಿಗಿ? ಬಸುರಿಗಿ ಅಂದ್ರ ಕಲ್ಲ ಬಿಟ್ಟು ಏಳ್ತಿದ್ದೆ," ಎಂದಳು. ತಿಪ್ಪಣ್ಣನ ಕಡೆ ನೋಡಿದಳು. ಅವನು ತನ್ನ ಚೀಲದಿಂದ ಮೂರು ಮೀನು ತೆಗೆದ. ಬೆಳಿಗ್ಗೆ ನಾನು ಓಡಿಸಿದ್ದೆನಲ್ಲ, ಅದೇ ತಿಪ್ಪಣ್ಣ! ಇನ್ನೊಬ್ಬ ಎರಡು ಕೊಟ್ಟ. "ಬಾಯಿ ಮುಚ್ಚರಿ" ಎಂದವನು ಒಂದು ಕೊಟ್ಟ. "ಈಗ ಸಂಜೀತನಕ ಇಲ್ಲಿ ಒಂದೂ ಸಿಗಂಗಿಲ್ಲ. ಎಲ್ಲಾ ಓಡಿಸಿ ಕುಂತೀಯಲ್ಲ, ಮಾರಾಯ," ಎಂದು ಸಾಬಮ್ಮ ಕಳಿಸಿಕೊಟ್ಟಳು.

ಮಧ್ಯಾಹ್ನ ರೇಣುಕಾ ಸಾರಿನ ಜೊತೆ ಒಂದು ತಟ್ಟೆ ಅನ್ನ ಉಂಡಳು. ನಾವಿಬ್ಬರೂ ಹಿತ್ತಲ ಬಾಗಿಲು ನೋಡುತ್ತಾ ಕೂತೆವು. ಒಂದು ಗಂಟೆಯಾಯಿತು. ಎರಡಾಯಿತು. ಅವಳು ಏಳಲಿಲ್ಲ. ನಿಂತಿತು! ಸುಳ್ಳು ಯಾಕೆ, ನನಗೆ ಅಳು ಬಂತು.

"ಅಪ್ಪಾ, ಇಷ್ಟೂ ನೀನ ಹಿಡಿದಿಯೇನು?"

ಹೌದು ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಭೀಮಬಾಯಿ ಮೊಬೈಲನ್ನು ಮಗಳ ಮುಂದೆ ಹಿಡಿದಳು. ಯಾವನೋ ವಿಡಿಯೋ ಮಾಡಿದ್ದ. ನಾನು ಊದುತ್ತಿದ್ದೇನೆ, ಯಾದಗಿರಿ ಜಿಲ್ಲೆ ಓಡುತ್ತಿದೆ! ಖಾಜಾಸಾಬನೇ ಕಳಿಸಿದ್ದನಂತೆ. ಮಗಳು ನಗುತ್ತಾ ನಗುತ್ತಾ ಹೊಟ್ಟೆ ಹಿಡಿದುಕೊಂಡಳು. ಅಷ್ಟಾದರೂ ಸಾರು ಹೊರಗೆ ಬರಲಿಲ್ಲ. ಕೊನೆಗೆ ಕಣ್ಣೊರೆಸಿಕೊಂಡು, "ಮುಂದಿನ ಐತಾರ ಅವ್ವನ್ನ ಕಳಸು," ಎಂದಳು.

ಮುಂದಿನ ರವಿವಾರ ಭೀಮಬಾಯಿ ಕಲ್ಲಿನ ಹತ್ತಿರ ಹೋಗಿ ಒಂದು ಮಾತು ಹೇಳಿದಳು. ಸಾಬಮ್ಮ ಸರಿದು ಪಕ್ಕದಲ್ಲೇ ಜಾಗ ಮಾಡಿಕೊಟ್ಟಳು. ಹುಟ್ಟಿದಾಗಿನಿಂದ ಗಾಳ ಮುಟ್ಟದ ನನ್ನ ಹೆಂಡತಿ ಅರ್ಧ ತಾಸಿನಲ್ಲಿ ಐದು ಜಿಲೇಬಿ ಹಿಡಿದಳು. ಇಬ್ಬರೂ ಪಿಸುಪಿಸು ಮಾತಾಡುತ್ತಾ ನಗುತ್ತಿದ್ದರು. ನಾನು ಮೇಲೆ ಏರಿಯ ಮೇಲೆ, ಬಿಸಿಲಲ್ಲಿ, ಹೆಂಡತಿಯ ಚಪ್ಪಲಿ ಕಾಯುತ್ತಾ ಕೂತಿದ್ದೆ.

ಆಗ ಗಾಳ ಹಿಡಿದ ಒಬ್ಬ ಸುರಪುರದ ಕಡೆಯವನು ನನ್ನ ಪಕ್ಕ ಬಂದು, "ಇಲ್ಲಿ ಜರಾ ಕೂಡ್ಲೇನ್ರಿ?" ಎಂದು ವಿನಯದಿಂದ ಕೇಳಿದ. ಎಂಥ ಸಜ್ಜನ! ಎದೆ ತುಂಬಿ ಬಂತು. "ಕೂಡ್ರಿ, ಕೂಡ್ರಿ!" ಎಂದು ಸರಿದು ಜಾಗ ಕೊಟ್ಟೆ.

ಅವನು ಬಗ್ಗಿ ನನ್ನ ಮುಖ ನೋಡಿದ.

"ಅಯ್ಯ, ನೀವೇನ್ರಿ? ಬ್ಯಾಡ ಬಿಡ್ರಿ," ಎಂದವನೇ ಗಾಳ ಎತ್ತಿಕೊಂಡು, ಸದ್ದಾಗದಂತೆ ತುದಿಗಾಲಲ್ಲಿ, ದಂಡೆಯ ಆ ತುದಿಯವರೆಗೂ ನಡೆದು ಹೋಗಿ ಕೂತ.