ಪಾದಕ್ಕೊಂದು ಪರೀಕ್ಷೆ

ಸಕ್ಕರೆ ಕಾಯಿಲೆ ನರಗಳಿಗೆ ಇಳಿದ ಮೇಲೆ ನನ್ನ ಪಾದಗಳಿಗೆ ಅವುಗಳದ್ದೇ ಒಂದು ಲೋಕ. ನಾನು ಸೌದಿಯ ಅಲ್ ಖರ್ಜ್‌ನ ಡೇರಿಯೊಂದರಲ್ಲಿ ಸ್ಟೋರ್‌ಕೀಪರ್. ಅವು ಮಾತ್ರ ನಮ್ಮೂರು ಉಳ್ಳಾಲದ ಕಡಲತಡಿಯಲ್ಲೇ ಇರುತ್ತವೆ. ಹಾಗಾಗಿ ವಾರಕ್ಕೊಂದು ಫಜೀತಿ ತಪ್ಪಿದ್ದಲ್ಲ.

೧. ಚಪ್ಪಲಿ

ಶುಕ್ರವಾರ ನಮಾಜು ಮುಗಿಸಿ, ಚಪ್ಪಲಿ ಮೆಟ್ಟಿ, ಹತ್ತಿಯ ಮೇಲೆ ನಡೆದಂತೆ ತೇಲುತ್ತಾ ರೂಮಿಗೆ ಬಂದೆ. ರೂಮ್‌ಮೇಟ್, ಉಡುಪಿಯ ಡ್ರೈವರ್, ನನ್ನ ಕಾಲನ್ನೇ ನೋಡಿದ.

"ಎಂತ ಮಾರಾಯ, ಒಂದು ಚಪ್ಪಲಿ ನಿನ್ನದು. ಇನ್ನೊಂದು ಯಾರದ್ದು?"

ಬಲಗಾಲಲ್ಲಿ ಯಾರದೋ ಪುಟ್ಟ ಚಪ್ಪಲಿ, ನನ್ನ ಹಿಮ್ಮಡಿ ಅರ್ಧ ಹೊರಗೆ. ವಾಪಸ್ ಹೋದರೆ ಮಸೀದಿಯ ಮೆಟ್ಟಿಲಲ್ಲಿ ವಯಸ್ಸಾದವರೊಬ್ಬರು ತಮ್ಮ ಒಂಟಿ ಚಪ್ಪಲಿಯನ್ನು ಕೈಯಲ್ಲಿ ಹಿಡಿದು, ನನ್ನ ಒಂಟಿ ಚಪ್ಪಲಿಯೊಳಗೆ ಎರಡೂ ಪಾದ ಇಟ್ಟು ಆರಾಮಾಗಿ ಕೂತಿದ್ದರು.

೨. ಉರಿ

ಫೋನಿನಲ್ಲಿ ಹೆಂಡತಿಗೆ ಹೇಳಿದೆ: "ಮೊದಲು ಇರುವೆ ಹರಿದ ಹಾಗೆ, ಆಮೇಲೆ ಕೆಂಡ ತುಳಿದ ಹಾಗೆ, ಆಮೇಲೆ ಅಲೆ ಹಿಂದೆ ಸರಿಯುವಾಗ ಕಾಲಡಿಯ ಮರಳು ಜಾರಿದ ಹಾಗೆ."

ಅವಳೆಂದಳು: "ಮದುವೆಯಾಗಿ ಇಪ್ಪತ್ತು ವರ್ಷದಲ್ಲಿ ನನ್ನ ಬಗ್ಗೆ ಒಮ್ಮೆಯೂ ಇಷ್ಟು ಚಂದ ಮಾತಾಡಿದ್ದಿಲ್ಲ ನೀವು. ಈಗ ಡಾಕ್ಟರ ಹತ್ರ ಹೋಗಿ."

೩. ಕೆಮ್ಮು

ಹೋಗಲು ನನಗೆ ಭಯ. ಗಲ್ಫಿಗೆ ಬಂದವನ ತಲೆಯಲ್ಲಿ ಮೆಡಿಕಲ್ ಅಂದರೆ ಒಂದೇ: ಫೇಲಾದರೆ ಇಕಾಮಾ, ಅಂದರೆ ಇಲ್ಲಿರುವ ಪರವಾನಗಿ, ಇಲ್ಲ, ಊರಿಗೆ ವಾಪಸ್. ಮಗಳ ಓದು ಇನ್ನೂ ಮುಗಿದಿಲ್ಲ. "ನಾನಿದ್ದೇನೆ, ಹೆದರಬೇಡ" ಎಂದು ರೂಮ್‌ಮೇಟ್ ಜೊತೆಗೆ ಬಂದ.

ಹೈದರಾಬಾದಿನ ಡಾಕ್ಟರಮ್ಮ, "ಕಣ್ಣು ಮುಚ್ಚಿ. ಈ ನೈಲಾನ್ ದಾರ ಪಾದಕ್ಕೆ ತಾಗಿದ್ದು ಗೊತ್ತಾದಾಗ ಹೇಳಿ" ಎಂದರು.

ಕತ್ತಲೆಯೊಳಗೆ ಮೆಲ್ಲನೆ ತೇಲತೊಡಗಿದೆ. ಪಾದಗಳು ಎಲ್ಲೂ ಇಲ್ಲ. ಎಲ್ಲೋ ದೂರದಲ್ಲಿ ಅಲೆಯ ಸದ್ದು ಕೇಳಿದಂತಾಯಿತು, ತುಂಬಾ ಹಿತವಾಗಿತ್ತು. ಆಗ ರೂಮ್‌ಮೇಟ್ ಕೆಮ್ಮಿದ. ದಾರ ತಾಗಿದಾಗೆಲ್ಲ ಕೆಮ್ಮುವ ಅವನ ಉಪಾಯ ಅರ್ಥವಾಯಿತು. "ಗೊತ್ತಾಯ್ತು" ಅಂದೆ. ಮತ್ತೆ ಕೆಮ್ಮು, ಮತ್ತೆ "ಗೊತ್ತಾಯ್ತು". ಹೀಗೆ ಒಂಬತ್ತು ಸಲ ಪಾಸಾದೆ. ಹತ್ತನೆಯ ಸಲ ಬೆನ್ನುಬೆನ್ನಿಗೆ ಕೆಮ್ಮು ಬಂತು. ನಾನೂ ಬಿಡದೆ "ಗೊತ್ತಾಯ್ತು, ಗೊತ್ತಾಯ್ತು" ಎನ್ನುತ್ತಾ ಕಣ್ಣು ತೆರೆದರೆ, ಡಾಕ್ಟರಮ್ಮ ಆಚೆ ಮೂಲೆಯಲ್ಲಿ ಕೈ ತೊಳೆಯುತ್ತಿದ್ದಾರೆ. ಅವನಿಗೆ ನಿಜವಾದ ಕೆಮ್ಮೇ ಬಂದಿತ್ತು.

"ಇದು ಇಕಾಮಾದ ಪರೀಕ್ಷೆಯಲ್ಲ, ನಿಮ್ಮ ಕಾಲು ಉಳಿಸುವ ಪರೀಕ್ಷೆ. ಇದಕ್ಕೆ ಯಾರೂ ಊರಿಗೆ ಕಳಿಸುವುದಿಲ್ಲ" ಎಂದರು ಅವರು. ನನಗೆ ಕಣ್ಣು ತುಂಬಿ ಬಂತು.

ಚೀಟಿ ಬರೆಯುತ್ತಾ ಮತ್ತೆ ಹೇಳಿದರು: "ದಿನಾ ಪಾದ ನೋಡಿಕೊಳ್ಳಿ. ಮುಂದಿನ ಸಲ ಇವರನ್ನೂ ತಪ್ಪದೆ ಕರೆತನ್ನಿ. ನಿಮ್ಮ ಪಾದದ ನರ ಇರುವುದು ಇವರ ಗಂಟಲಲ್ಲಿ."