ಬಾಟಲಿಯ ಬೆನ್ನು ಓದುವ ಮಾವ

ಮಧುಗಿರಿ, ಕೊರಟಗೆರೆ, ಶಿರಾ, ಪಾವಗಡ ಈ ನಾಲ್ಕೂ ತಾಲ್ಲೂಕು ಜಾಲಾಡಿದರೂ ಹೆಂಗಸರು ಕೂದಲಿಗೆ ಹಚ್ಚುವ ಕಂಡೀಷನರ್ ಬಗ್ಗೆ ನಮ್ಮ ಸೋದರಮಾವನಷ್ಟು ತಿಳಿದವರು ಇನ್ನೊಬ್ಬರು ಸಿಗಲಾರರು. ಯಾವ ಬಾಟಲಿಯಲ್ಲಿ ಮೇಣ ಎಷ್ಟನೇ ಜಾಗದಲ್ಲಿದೆ, ಯಾವುದರಲ್ಲಿ ಬಾದಾಮಿ ಬರೀ ಚಿತ್ರದಲ್ಲಿದೆ, ಎಲ್ಲವೂ ಅವರಿಗೆ ಬಾಯಿಪಾಠ. ಇಷ್ಟೆಲ್ಲ ಓದಿಕೊಂಡ ಮನುಷ್ಯನ ತಲೆಯ ಮೇಲೆ ಒಂದು ಕೂದಲಾದರೂ ಬೇಡವೇ? ಇಲ್ಲ! ಬಿಸಿಲಿನಲ್ಲಿ ಬರುತ್ತಿದ್ದರೆ ಎದುರಿನವರು ಕಣ್ಣು ಕಿರಿದು ಮಾಡಿಕೊಳ್ಳಬೇಕು, ಅಂಥ ಬೋಳು.

"ನಿಂಗ್ಯಾಕೆ ಮಾವ ಇದೆಲ್ಲ?" ಎಂದು ಒಮ್ಮೆ ಕೇಳಿದ್ದೆ.

"ಕುಡೀದೋನು ಸಾರಾಯಿ ಅಂಗಡಿ ಮುಂದೆ ಧರಣಿ ಕೂರಾಕಿಲ್ವಾ? ಅಂಗೇ ಇದೂವೆ" ಎಂದರು.

ಮಾವ ಮಧುಗಿರಿಯ ಒಂದು ಕಾಲೇಜಿನ ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ಸಹಾಯಕರಾಗಿದ್ದವರು. ಪಾಠ ಮಾಡಿದವರಲ್ಲ, ಬಾಟಲಿ ಜೋಡಿಸಿದವರು. ಕಪಾಟಿನಲ್ಲಿರುವುದು ಏನು ಎಂದು ಓದದೆ ಯಾವುದನ್ನೂ ಮುಟ್ಟಬಾರದೆಂಬುದು ಅವರ ಜೀವಮಾನದ ವ್ರತ. ನಿವೃತ್ತಿಯಾದ ಮೇಲೆ ಓದಲು ಬಾಟಲಿಗಳಿಲ್ಲದೆ ಕಂಗಾಲಾಗಿ ಕೂತಿದ್ದರಂತೆ. ಅದೇ ಹೊತ್ತಿಗೆ ಡಿಗ್ರಿ ಓದಲೆಂದು ನಾನು ಅವರ ಮನೆಗೆ ಹೋದೆ. ನನ್ನ ಬ್ಯಾಗಿನಲ್ಲಿ ಒಂದು ಈರುಳ್ಳಿ ಕಂಡೀಷನರ್ ಇತ್ತು. ತಪ್ಪು ನನ್ನದೇ, ಒಪ್ಪಿಕೊಳ್ಳುತ್ತೇನೆ!

ಮಾರನೆಯ ಬೆಳಿಗ್ಗೆ ಸ್ನಾನಕ್ಕೆ ಹೋದ ಮಾವ ಅರ್ಧ ಗಂಟೆಯಾದರೂ ಹೊರಗೆ ಬರಲಿಲ್ಲ. ಒಳಗಿಂದ ನೀರಿನ ಸದ್ದೂ ಇಲ್ಲ. ನಮ್ಮ ಅತ್ತೆ, ಅಂದರೆ ಮಾವನ ಹೆಂಡತಿ, ಪಾವಗಡದ ಆಚೆಯ ವೈ.ಎನ್. ಹೊಸಕೋಟೆಯವರು. ಸಮಾಧಾನದಲ್ಲಿದ್ದಾಗ ಕನ್ನಡ, ಸಿಟ್ಟು ಬಂದರೆ ತೆಲುಗು. ಬಾಗಿಲು ಗುದ್ದಿ ಕೂಗಿದರು: "ಏಮಯ್ಯಾ! ಒಳಗೆ ಸ್ನಾನ ಮಾಡ್ತಿದ್ದೀಯೋ, ಪರೀಕ್ಷೆ ಬರೀತಿದ್ದೀಯೋ?"

ಬಾಗಿಲು ತೆರೆಯಿತು. ಮಾವ ಮೈಗೆ ಹನಿ ನೀರೂ ಸೋಕಿಸದೆ, ಒಂದು ಕೈಯಲ್ಲಿ ನನ್ನ ಬಾಟಲಿ, ಇನ್ನೊಂದು ಕೈಯಲ್ಲಿ ಭೂತಗನ್ನಡಿ ಹಿಡಿದು ನಿಂತಿದ್ದರು. ಮುಖ ಕೆಂಡವಾಗಿತ್ತು.

"ಅನ್ಯಾಯ ಕಣವ್ವಾ, ಅನ್ಯಾಯ! ಯಾವ್ದು ಜಾಸ್ತಿ ಇರ್ತದೋ ಅದನ್ನ ಮೊದ್ಲು ಬರೀಬೇಕು, ಅದು ನೇಮ. ಮೊದಲ್ನೇದು ಏನೈತೆ ನೋಡು. ನೀರು! ಎರಡ್ನೇದು ಮೇಣ. ಆಮೇಲೆ ಕೂದ್ಲು ನುಣ್ಣಗೆ ಮಾಡೋ ರಾಸಾಯನಿಕ. ಈರುಳ್ಳಿ ಎಲ್ಲೈತೆ ಗೊತ್ತಾ? ಹನ್ನೊಂದ್ನೇ ಜಾಗ! ಸೆಂಟಿಗಿಂತ್ಲೂ ಹಿಂದೆ! ಬಾಟ್ಲಿ ಮ್ಯಾಲೆ ಮಾತ್ರ ಶಿರಾ ಸಂತೇಲಿ ಸುರ್ದಂಗೆ ಈರುಳ್ಳಿ ಗುಡ್ಡೆ!"

"ನನ್ನ ಕೂದಲು ನುಣ್ಣಗಾಗುತ್ತೆ ಮಾವ, ನನಗಷ್ಟೇ ಸಾಕು."

"ಅದು ಮೇಣದ ಪುಣ್ಯ! ಕೆಲ್ಸ ಮಾಡೋದು ಮೇಣ, ಹೆಸ್ರು ಈರುಳ್ಳೀದು. ಇದನ್ನ ಕೇಳೋರಿಲ್ವಾ?"

ಕೇಳುವವರು ಇಲ್ಲದಿದ್ದರೆ ತಾವೇ ಕೇಳುವುದೆಂದು ಅಂದಿನಿಂದ ನಿಶ್ಚಯವಾಯಿತು. ಉದ್ದನೆಯ ಒಂದು ನೋಟ್‌ಬುಕ್ಕು ಬಂತು. ಅದರಲ್ಲಿ ಗೀಟು ಎಳೆದು ಅಕ್ಕಪಕ್ಕ ಎರಡೆರಡು ಕಂಡೀಷನರ್‌ಗಳ ಜಾತಕ ಬರೆಯುತ್ತಿದ್ದರು. ಗಂಡಸರದೆಂದು ಕಪ್ಪು ಬಾಟಲಿಯಲ್ಲಿ ಮಾರುವುದಕ್ಕೂ ಹೆಂಗಸರದೆಂದು ಗುಲಾಬಿ ಬಾಟಲಿಯಲ್ಲಿ ಮಾರುವುದಕ್ಕೂ ವಾಸನೆ ಬಿಟ್ಟರೆ ವ್ಯತ್ಯಾಸವಿಲ್ಲವೆಂದು ತಿಳಿದ ದಿನ ಅವರು ರಾತ್ರಿಯ ಮುದ್ದೆಯನ್ನೇ ಬೇಡವೆಂದರು. ನಾನು ಕೇಳುತ್ತೇನೆ, ಮುದ್ದೆ ಏನು ತಪ್ಪು ಮಾಡಿತ್ತು?

ಮಧುಗಿರಿಯ ಅಂಗಡಿಗಳವರು ದೂರದಿಂದ ಮಾವನ ಬೋಳು ಮಿಂಚುವುದು ಕಂಡರೆ ಬಾಟಲಿಗಳನ್ನು ಮೇಲಿನ ಸಾಲಿಗೆ ಏರಿಸಿಬಿಡುತ್ತಿದ್ದರು. ಒಂದು ದಿನ ನನ್ನನ್ನೂ ಎಳೆದುಕೊಂಡು ಹೋದರು. ಅಲ್ಲೊಬ್ಬ ಅಜ್ಜಿ, ಹಣೆ ತುಂಬ ವಿಭೂತಿ, ಮೊಮ್ಮಗಳಿಗೆಂದು ಕಂಡೀಷನರ್ ಕೊಳ್ಳುತ್ತಿದ್ದರು. ಮಾವ ಪಕ್ಕದಲ್ಲಿ ನಿಂತು ಇನ್ನೊಂದು ಬಾಟಲಿಯನ್ನು ಎತ್ತರದ ದನಿಯಲ್ಲಿ ಓದತೊಡಗಿದರು. "ನೀರು... ಸೀಟಿಯರಿಲ್ ಆಲ್ಕೋಹಾಲ್..."

ಅಜ್ಜಿಯ ಕಿವಿ ನಿಮಿರಿತು. "ಏನಪ್ಪಾ ಅಂದೆ? ಆಲ್ಕೋಹಾಲಾ? ಹೆಂಡಾನಾ?"

"ಅಲ್ಲ ತಾಯಿ, ಅದು..."

"ಶಿವ ಶಿವಾ! ನಿತ್ಯ ಲಿಂಗಪೂಜೆ ಮಾಡೋ ಮನೇಗೆ ಹೆಂಡದ ಬಾಟ್ಲಿ ಕೊಡ್ತೀರೇನೋ ಪಾಪಿಗಳಾ!" ಅಜ್ಜಿ ಅಂಗಡಿಯವನ ಮೇಲೆ ಏರಿಹೋದರು. ಹೊರಗಿದ್ದವರೆಲ್ಲ ಒಳಗೆ ಬಂದರು. ಮಾವ ಬೆವತು ಹೋದರು. ಹೆಸರಿನಲ್ಲಿ ಮಾತ್ರ ಆಲ್ಕೋಹಾಲ್, ಅದು ಕುಡಿಯುವುದಲ್ಲ, ಮೇಣದಂಥ ಗಟ್ಟಿ ಪದಾರ್ಥ, ಕೂದಲಿಗೆ ಒಳ್ಳೆಯದೇ ಎಂದು ಕೈಮುಗಿದು ಕೈಮುಗಿದು ವಿವರಿಸಿದರು. ಕಂಪನಿಯನ್ನು ಬೈಯಲು ಹೋದ ಮನುಷ್ಯ ಮುಕ್ಕಾಲು ಗಂಟೆ ನಿಂತು ಕಂಪನಿಯ ಪರವಾಗಿ ವಾದಿಸಿದರು! ಅಜ್ಜಿ ಕೊನೆಗೂ ನಂಬಲಿಲ್ಲ. ಹೋಗುವಾಗ ಮಾವನ ತಲೆಯನ್ನೊಮ್ಮೆ ನೋಡಿ, "ನಿನ್ ಗತಿ ನೋಡಿದ್ರೇ ಗೊತ್ತಾಯ್ತದೆ ಅದೆಷ್ಟು ಒಳ್ಳೇದು ಅಂತ" ಎಂದರು.

ಆ ಅವಮಾನ ತಾಳದೆ ಮಾವ ಸ್ವತಃ ಕಂಡೀಷನರ್ ತಯಾರಿಸಿದರು. ಮೆಂತ್ಯ, ದಾಸವಾಳದ ಎಲೆ, ಲೋಳೆಸರ. ಪ್ರಯೋಗಕ್ಕೆ ಸಿಕ್ಕವಳು ಯಾರು? ಮನೆಯಲ್ಲಿ ಸೊಂಟದವರೆಗೆ ಜಡೆ ಇದ್ದವಳು ನಾನೊಬ್ಬಳೇ! ಎಂಟು ಬಿಂದಿಗೆ ನೀರು ಸುರಿದರೂ ಮೆಂತ್ಯದ ತರಿ ಬಿಡಲಿಲ್ಲ. ಕಾಲೇಜಿನಲ್ಲಿ ಹಿಂದಿನ ಬೆಂಚಿನವಳು ಮೂಗು ಅರಳಿಸಿ, "ಮನೇಲಿ ಇವತ್ತು ದೋಸೇನಾ?" ಎಂದಳು. ಅವತ್ತೇ ನಮ್ಮ ತರಗತಿಯ ಗ್ರೂಪ್ ಫೋಟೊ. ಈಗಲೂ ಆ ಫೋಟೊದಲ್ಲಿ ನನ್ನ ಎರಡೂ ಪಕ್ಕದವರು ಒಂದಡಿ ದೂರ ನಿಂತಿದ್ದಾರೆ. ನನಗೆ ಬಂದ ಸಿಟ್ಟಿಗೆ ಒಂದು ವಾರ ಮಾವನೊಂದಿಗೆ ಮಾತು ಬಿಟ್ಟಿದ್ದೆ. ಅವರಿಗೆ ಅದು ಗೊತ್ತೇ ಆಗಲಿಲ್ಲ. ನೋಟ್‌ಬುಕ್ಕಿನಲ್ಲಿ ಮುಳುಗಿದ್ದರು.

ಇಷ್ಟಾದರೂ ಸಹಿಸಿಕೊಂಡೆ. ಆದರೆ ನನ್ನ ನಿಶ್ಚಿತಾರ್ಥದ ದಿನ ಮಾಡಿದ್ದಿದೆಯಲ್ಲ, ಅದನ್ನು ನೀವೇ ಕೇಳಿ ನ್ಯಾಯ ಹೇಳಿ.

ಹುಡುಗ ಶಿರಾದವನು. ಅವನ ತಂದೆಗೆ ಅಲ್ಲಿ ಒಂದು ಫ್ಯಾನ್ಸಿ ಸ್ಟೋರ್. ಬಳೆ, ಪಿನ್ನು, ರಿಬ್ಬನ್ನು, ಪೌಡರು, ಮತ್ತು ಅಯ್ಯೋ ದೇವರೇ, ಗೋಡೆ ತುಂಬ ಕಂಡೀಷನರ್! ಅಮ್ಮ ತಮ್ಮ ಅಣ್ಣನಿಂದ ಮೊದಲೇ ಆಣೆ ಹಾಕಿಸಿಕೊಂಡಿದ್ದರು. "ಅಣ್ಣಾ, ಆವತ್ತು ಏನೂ ಓದ್ಬ್ಯಾಡ. ಲಗ್ನಪತ್ರಿಕೆ ಕೊಟ್ರೂ ಓದ್ಬ್ಯಾಡ." ಅತ್ತೆ ಇನ್ನೂ ಮುಂದೆ ಹೋಗಿ ಭೂತಗನ್ನಡಿಯನ್ನು ಕಿತ್ತುಕೊಂಡು ತಮ್ಮ ಪರ್ಸಿಗೆ ಹಾಕಿ ಜಿಪ್ ಎಳೆದಿದ್ದರು.

ಕೊರಟಗೆರೆಯ ನಮ್ಮ ಮನೆಯ ನಡುಮನೆಯಲ್ಲಿ ಜಮಖಾನ ಹಾಸಿತ್ತು. ಗಂಡಿನ ಕಡೆಯವರು ತಟ್ಟೆಗಳನ್ನು ಒಂದೊಂದಾಗಿ ತಂದಿಟ್ಟರು. ಹಣ್ಣು, ಹೂವು, ಸೀರೆ. ಕೊನೆಯ ತಟ್ಟೆಯಲ್ಲಿ ಥಳಥಳಿಸುವ ಕಾಗದದೊಳಗೆ ಗೋಪುರದಂತೆ ಜೋಡಿಸಿದ ನಾಲ್ಕು ಬಾಟಲಿ. ಮಾವನ ಕತ್ತು ತಾನಾಗಿಯೇ ಉದ್ದವಾಯಿತು. ಬಾಗಿಲ ಮರೆಯಲ್ಲಿ ನಿಂತಿದ್ದ ನಾನು ಕೈಸನ್ನೆ ಮಾಡಿದೆ, ಕಣ್ಣು ಕೆಂಪು ಮಾಡಿದೆ. ಊಹೂಂ. ಅವರು ಪಕ್ಕದಲ್ಲಿ ಕೂತಿದ್ದ ಹುಡುಗನತ್ತ ಬಾಗಿದರು.

"ಅಪ್ಪಾ, ನಿನ್ ಫೋನ್ನಾಗೆ ಇದ್ರ ಬೆನ್ನಿಂದು ಒಂದ್ ಫೋಟೊ ತೆಗಿ. ದೊಡ್ಡದು ಮಾಡಿ ತೋರ್ಸು."

ಪಾಪ, ಭಾವೀ ಹೆಂಡತಿಯ ಸೋದರಮಾವ ಕೇಳಿದರೆ ಇಲ್ಲವೆನ್ನಲಾದೀತೇ? ಅವನು ಕಾಗದ ಸರಿಸಿ ನಾಲ್ಕರ ಫೋಟೊವನ್ನೂ ತೆಗೆದುಕೊಟ್ಟ. ಮಾವ ಓದಿ ಮುಗಿಸಿ ತಲೆಯೆತ್ತಿದರು. "ಈರುಳ್ಳಿ, ದಾಸವಾಳ, ಲೋಳೆಸರ, ಬಾದಾಮಿ. ಮುಂದ್ಗಡೆ ನೋಡಿದ್ರೆ ನಾಕು ಊರು. ಹಿಂದ್ಗಡೆ ನೋಡಿದ್ರೆ ಒಂದೇ ಮನೆ!"

ಎಲ್ಲರೂ ನಕ್ಕರು. ಹುಡುಗನ ತಂದೆಯೂ ನಕ್ಕರು. ಅಲ್ಲಿಗೇ ನಿಲ್ಲಿಸಿದ್ದರೆ ನಾನು ಈ ಪ್ರಬಂಧ ಬರೆಯುತ್ತಲೇ ಇರಲಿಲ್ಲ. ಮಾವನ ಕಣ್ಣು ಬಾಟಲಿಯ ಬುಡದಲ್ಲಿದ್ದ ಬಂಗಾರ ಬಣ್ಣದ ಚೀಟಿಯ ಮೇಲೆ ಬಿತ್ತು. 'ಶುಭವಾಗಲಿ' ಎಂದು ಬರೆದ ಚೀಟಿ. ಉಗುರಿನಿಂದ ಕೆರೆದರು. ಕೆಳಗೆ ಅವಧಿ ಮುಗಿಯುವ ತಾರೀಕು.

"ಬೀಗ್ರೇ, ಇದು ಹೋದ್ ವರ್ಸವೇ ತೀರ್ಕಂಡೈತೆ!"

ಶುಭಕಾರ್ಯದ ಮನೆಯಲ್ಲಿ ಆಡುವ ಮಾತೇ ಇದು? ಹುಡುಗನ ತಂದೆ ಎದ್ದು ನಿಂತರು.

"ಏನ್ ಸ್ವಾಮಿ ಹಿಂಗಂತೀರಾ? ಇಷ್ಟು ವರ್ಷದಿಂದ ಅಂಗಡಿ ಇಟ್ಟಿದ್ದೀನಿ, ಒಬ್ಬ ಗಿರಾಕಿ ಬಂದು ತಕರಾರು ಮಾಡಿಲ್ಲ!"

"ತಾರೀಕಿನ್ ಮ್ಯಾಲೆ ಬಂಗಾರದ್ ಚೀಟಿ ಅಂಟ್ಸಿದ್ರೆ ತಕರಾರು ಎಲ್ಲಿಂದ ಬತ್ತದೆ?"

"ಅಂದ್ರೆ ನಾವು ಮೋಸಗಾರ್ರಾ? ಎತ್ರೋ ತಟ್ಟೆ! ನಡೀರಿ ಶಿರಾಕ್ಕೆ!"

ಅಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಅಪ್ಪ ಬೀಗರ ಕೈ ಹಿಡಿದುಕೊಂಡರು. ಹುಡುಗ ಮಾತ್ರ ಕೂತಲ್ಲಿಂದ ಏಳಲಿಲ್ಲ. "ಅಪ್ಪಾ, ತಾರೀಕು ಸರಿಯಾಗೇ ಓದವ್ರೆ" ಎಂದ. ಅವನ ತಂದೆಯ ಸಿಟ್ಟು ಇನ್ನೂ ಏರಿತು. ಅತ್ತೆ ಮಾವನ ತೋಳು ಹಿಡಿದು, "ಇಂಕ ಚಾಲು, ಪದ! ಸಾಕಿನ್ನು, ನಡಿ!" ಎಂದು ಹಿತ್ತಲಿಗೆ ತಳ್ಳಿಕೊಂಡು ಹೋಗಿ ಬಿಟ್ಟುಬಂದರು.

ನಾನು ರೇಷ್ಮೆ ಸೀರೆ ಎತ್ತಿ ಹಿಡಿದು ಹಿಂದೆಯೇ ಓಡಿದೆ. ಮಾವ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಿದ್ದರು. "ಸಮಾಧಾನ ಆಯ್ತಾ ಮಾವ? ನನ್ನ ಮದುವೆ ಮುರಿದು ನಿನ್ನ ನೋಟ್‌ಬುಕ್ಕಲ್ಲಿ ಬರ್ಕೋ! ಇನ್ನು ನನ್ನ ಮುಖ ನೋಡಬೇಡ!" ಬಾಯಿಗೆ ಬಂದದ್ದನ್ನೆಲ್ಲ ಅಂದೆ.

ಹಿಂದೆ ಬಳೆಯ ಸದ್ದಾಯಿತು. ಹುಡುಗನ ತಾಯಿ ಬಂದಿದ್ದರು. ಬೆಳಗಿನಿಂದ ತಲೆಯ ಮೇಲಿನ ಸೆರಗು ಸರಿಸದೆ, ಒಂದು ಮಾತೂ ಆಡದೆ ಕೂತಿದ್ದ ಹೆಂಗಸು.

"ಅಣ್ಣಾವ್ರೇ, ಆ ಚೀಟಿ ಅಂಟ್ಸಿದ್ದು ನಾನು" ಎಂದರು. "ಚೆಂದ ಕಾಣ್ಲಿ ಅಂತ. ಕೆಳಗೆ ತಾರೀಕೈತೆ ಅಂತ ಗೊತ್ತಿರ್ಲಿಲ್ಲ. ನಂಗೆ ಇಂಗ್ಲೀಸು ಓದಾಕೆ ಬರಾಕಿಲ್ಲ."

ಮಾವ ಎದ್ದು ನಿಂತರು. ಆಕೆ ಅತ್ತಿತ್ತ ನೋಡಿ ದನಿ ತಗ್ಗಿಸಿದರು. "ಒಂದ್ ಮಾತು ಕೇಳ್ಲಾ? ತಲೆ ಉರಿಯೋದೂವೆ ಅದ್ರಾಗೆ ಬರ್ದಿರ್ತಾರಾ?"

ಸೆರಗು ಸರಿಸಿ, ತುರುಬನ್ನು ಎತ್ತಿ ತೋರಿಸಿದರು. ಕಿವಿಯ ಹಿಂದಿನಿಂದ ಕತ್ತಿನವರೆಗೆ ಚರ್ಮ ಕೆಂಪಾಗಿ, ಅಲ್ಲಲ್ಲಿ ಸುಲಿದು ಹೋಗಿತ್ತು. ಮೂರು ವರ್ಷದಿಂದ ಹೀಗೇ ಅಂತೆ. ಅಂಗಡಿಯಲ್ಲಿ ಮಾರದೆ ಉಳಿದ ಬಾಟಲಿಗಳನ್ನು ಬಿಸಾಡಲು ಮನಸ್ಸು ಬಾರದೆ ಆಕೆಯೇ ಹಚ್ಚಿಕೊಳ್ಳುತ್ತಿದ್ದರಂತೆ. ಹಚ್ಚಿದ ದಿನ ನಿದ್ದೆ ಬರುವುದಿಲ್ಲವಂತೆ.

ಕಂಪನಿಗಳನ್ನು ಒಂದು ಗಂಟೆ ಬೈಯಲು ಇದಕ್ಕಿಂತ ಒಳ್ಳೆಯ ಸಂದರ್ಭ ಮಾವನಿಗೆ ಸಿಗುತ್ತಿತ್ತೇ? ಆದರೆ ಅವರು ನಾನು ಎಂದೂ ಕೇಳಿರದ ಮೆತ್ತನೆಯ ದನಿಯಲ್ಲಿ ಹೇಳಿದರು: "ತಾಯಿ, ನಾನು ಡಾಕ್ಟ್ರಲ್ಲ. ಬಾಟ್ಲಿ ಓದ್ತೀನಿ, ಚರ್ಮ ಓದಾಕೆ ಬರಾಕಿಲ್ಲ. ಇವತ್ತಿಂದ ಏನೂ ಹಚ್ಬ್ಯಾಡಿ. ತುಮಕೂರಾಗೆ ಚರ್ಮದ ಡಾಕ್ಟ್ರತ್ರ ಹೋಗಿ, ಬಾಟ್ಲೀನೂ ತಗಂಡ್ ಹೋಗಿ. ಕೆಡದಂಗೆ ಇರ್ಲಿ ಅಂತ ಒಂದು ಹಾಕ್ತಾರೆ, ಕೆಲವ್ರಿಗೆ ಅದು ಆಗಾಕಿಲ್ಲ. ಅದ್ರ ಹೆಸ್ರು ಬರ್ಕೊಡ್ತೀನಿ, ಡಾಕ್ಟ್ರಿಗೆ ತೋರ್ಸಿ."

ಜೇಬಿನಿಂದ ಬಸ್ ಟಿಕೆಟ್ ತೆಗೆದು ಅದರ ಹಿಂದೆ ಆ ಉದ್ದನೆಯ ಹೆಸರನ್ನು ಕನ್ನಡದಲ್ಲಿ ಬರೆದು, ಕೆಳಗೆ ಇಂಗ್ಲಿಷಿನಲ್ಲೂ ಬರೆದುಕೊಟ್ಟರು.

"ನಮ್ಮೋರ್ಗೆ ಹೇಳ್ಬ್ಯಾಡಿ" ಎಂದರು ಆಕೆ. "ಅಂಗಡಿಯೋರ ಹೆಂಡ್ತಿಗೇ ಇಂಗಾಗೈತೆ ಅಂದ್ರೆ ಯಾರು ಮಾಲು ತಗತಾರೆ?"

ಹೇಳುವ ಅಗತ್ಯ ಬೀಳಲಿಲ್ಲ. ಹೊರಡೋಣವೆಂದು ಹೆಂಡತಿಯನ್ನು ಕರೆಯಲು ಬಂದ ಬೀಗರು ಹಿತ್ತಲ ಬಾಗಿಲಲ್ಲಿ ನಿಂತುಬಿಟ್ಟಿದ್ದರು. ಮೆಲ್ಲಗೆ ಹತ್ತಿರ ಬಂದು ಆಕೆಯ ಕತ್ತು ನೋಡಿದರು.

"ನಂಗ್ಯಾಕೆ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ವಲ್ಲ" ಎಂದರು ಆಕೆ.

ಬಿಚ್ಚಿಹೋಗುತ್ತಿದ್ದ ತುರುಬನ್ನು ಬೀಗರು ಕೈಯಲ್ಲಿ ಹಿಡಿದು, ಹುಣ್ಣಿಗೆ ತಾಕದಂತೆ ಮೇಲಕ್ಕೆತ್ತಿ ಪಿನ್ನು ಸಿಕ್ಕಿಸಲು ನೋಡಿದರು. ಜೀವನವಿಡೀ ಪಿನ್ನು ಮಾರಿದ ಮನುಷ್ಯನಿಗೆ ಪಿನ್ನು ಹಾಕಲು ಬರುತ್ತಿರಲಿಲ್ಲ. ಎರಡು ಸಲ ಜಾರಿ ಕೆಳಗೆ ಬಿತ್ತು. ಕೊನೆಗೆ ನಾನೇ ಎತ್ತಿ ಹಾಕಿದೆ. ಅವರು ಒಳಗೆ ಹೋಗಿ, "ತಟ್ಟೆ ಕೆಳಗಿಡ್ರೋ. ಪುರೋಹಿತ್ರೇ, ಓದಿ ಪತ್ರಿಕೆ" ಎಂದರು. ಬಾಟಲಿಯ ತಟ್ಟೆಯನ್ನು ಮಾತ್ರ ತಾವೇ ಎತ್ತಿ ಕಾರಿನೊಳಗೆ ಇಟ್ಟುಬಂದರು.

ಎಲ್ಲ ಮುಗಿದು ಗಂಡಿನ ಕಡೆಯವರು ಹೊರಟಾಗ ಮಧ್ಯಾಹ್ನ ಮೂರೂವರೆ. ಎಲೆಗಳನ್ನು ಎತ್ತುವಾಗ ನನಗೆ ಹೊಳೆಯಿತು, ಮಾವನ ಊಟವಾಗಿಲ್ಲ. ಎಲ್ಲರೂ ಸಿಟ್ಟಿನಲ್ಲಿದ್ದುದರಿಂದ ಯಾರೂ ಅವರನ್ನು ಪಂಕ್ತಿಗೆ ಕರೆದಿರಲಿಲ್ಲ. ಹಿತ್ತಲಿಗೆ ಹೋದೆ. ಅದೇ ಕಲ್ಲಿನ ಮೇಲೆ ಕೂತಿದ್ದರು. ಒಳಗೆ ಕರೆತಂದು ಎಲೆ ಹಾಕಿ ಬಡಿಸಿದೆ. ಅನ್ನ ಕಲಸುತ್ತಾ ನನ್ನತ್ತ ನೋಡದೆಯೇ ಹೇಳಿದರು:

"ಮುರ್ದೋದ್ರೂ ಮುರ್ದೋಗ್ಬೌದು ಅಂತ ನಂಗೂ ಗೊತ್ತಿತ್ತು ಮಗ. ಆದ್ರೆ ಅದು ನಿನ್ ತಲೆಗೆ ಹಚ್ಕಳೋದು ಅಲ್ವಾ? ಹೆಂಗ್ ಸುಮ್ಕಿರ್ಲಿ?"

ಅನ್ನದ ಮೇಲೆ ತುಪ್ಪ ಹಾಕಿದೆ. "ಸಾಕು" ಎಂದರು. ಇನ್ನೊಂದು ಚಮಚ ಹಾಕಿದೆ.